ನೋಡಲು ಹೋದವರ ಋಣ

ಮಳೆಗಾಲ ಆರಂಭವಾಯಿತೆಂದರೆ ನಮ್ಮ ಬೆಟ್ಟಸೀಮೆಗೆ ಎರಡು ಬಗೆಯ ಪ್ರವಾಸಿಗರು ಬರುತ್ತಾರೆ. ಜಲಪಾತಗಳನ್ನು ನೋಡಲು ಬರುವವರು ಹಳೆಯ ಬಗೆಯವರು. ಗುಡ್ಡ ಕುಸಿದ ಸ್ಥಳಗಳನ್ನು ನೋಡಲು ಬರುವವರು ಈಚಿನ ವರ್ಷಗಳಲ್ಲಿ ಹುಟ್ಟಿಕೊಂಡವರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ ಅಲ್ಲಿನ ಆಡಳಿತವು ಕೆಲಕಾಲ ಪ್ರವಾಸಿಗರ ಪ್ರವೇಶವನ್ನೇ ತಡೆಯಬೇಕಾಯಿತು. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆಗಳು ಕೊಚ್ಚಿಹೋದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿದು ಗಂಗಾವಳಿಗೆ ಬಿದ್ದಿತು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ನೆಲಸಮವಾದಾಗ ನೋಡಲೆಂದು ಯಾರೂ ಬರಬಾರದೆಂದು ಕೇರಳದ ಪೊಲೀಸರು ಸಾರ್ವಜನಿಕವಾಗಿ ವಿನಂತಿಸಬೇಕಾಯಿತು. ಶವಗಳ ಹುಡುಕಾಟ ಮುಗಿಯುವ ಮುನ್ನವೇ ನೋಡುಗರ ಸಾಲು ಹತ್ತುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೆಟ್ಟದ ನಮಗೆ ಇದರಿಂದ ನೋವಾಗಿದೆ, ಸಿಟ್ಟೂ ಬಂದಿದೆ. ಮನೆಯ ಅಡಿಪಾಯದ ಮೇಲೆ ನಿಂತು ಚಿತ್ರ ತೆಗೆಸಿಕೊಂಡವರ ಬಗ್ಗೆ, ಕಾರು ನಿಲ್ಲಿಸಿ "ಎಷ್ಟು ಜನ ಸತ್ತರು?" ಎಂದು ಕೇಳಿ ಮುಂದೆ ಸಾಗಿದವರ ಬಗ್ಗೆ ನಾವು ತಮ್ಮತಮ್ಮಲ್ಲಿ ಸಾಕಷ್ಟು ಮಾತಾಡಿದ್ದೇವೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟಿನಲ್ಲಿ ಒಂದು ಅನುಕೂಲವೂ ಇದೆ. ತಪ್ಪು ಯಾವಾಗಲೂ ಹೊರಗಿನಿಂದ ಬಂದವರದೇ ಎಂದು ನಂಬಿ ನಾವು ನೆಮ್ಮದಿಯಾಗಿ ಇರಬಹುದು. ಈ ಸಂಚಿಕೆಯ ಸಂಪಾದಕೀಯವನ್ನು ಆ ನೆಮ್ಮದಿಯನ್ನು ಕದಡುವ ಉದ್ದೇಶದಿಂದಲೇ ಬರೆಯುತ್ತಿದ್ದೇನೆ. ಮೊದಲು ಕದಡಿದ್ದು ನನ್ನದೇ.

ಕೆಲವು ವರ್ಷಗಳ ಹಿಂದೆ ನಮ್ಮ ಕಣಿವೆಯೊಂದರಲ್ಲಿ ಧರೆ ಕುಸಿದು ಒಂದು ಮನೆಯೂ ಅಡಿಕೆ ತೋಟದ ಒಂದು ಭಾಗವೂ ಹೋದವು. ಮಣ್ಣಿನ ಮಾದರಿ ತೆಗೆಯಲು ನಾನು ಮೂರನೆಯ ದಿನ ಅಲ್ಲಿಗೆ ಹೋದೆ. ಕೈಯಲ್ಲಿ ಚೀಲ, ಗುದ್ದಲಿ. ಮನಸ್ಸಿನಲ್ಲಿ ನಾನು ಪ್ರವಾಸಿಯಲ್ಲ, ಅಧ್ಯಯನಕ್ಕೆ ಬಂದವನೆಂಬ ಧೈರ್ಯ. ಯಾರನ್ನೂ ಕೇಳದೆ ರಾಶಿಯ ಮೇಲೆ ಹತ್ತಿ ಅಗೆಯತೊಡಗಿದಾಗ ಆ ಮನೆಯ ಹಿರಿಯ ಹೆಂಗಸು ದೂರದಿಂದಲೇ ಹೇಳಿದರು: "ಚಪ್ಪಲಿ ಬಿಟ್ಟು ನಿಂತ್ಕೊಳ್ಳಿ. ಅದು ದೇವರ ಕೋಣೆ ಇದ್ದ ಜಾಗ." ನಾನು ಇಳಿದು ಬಂದೆ. ತಂದ ಮಣ್ಣನ್ನು ಪರೀಕ್ಷಿಸಿದೆ, ವರದಿಯನ್ನೂ ಬರೆದೆ. ಆ ಮನೆಯವರಿಗೆ ಅದರ ಒಂದು ಪ್ರತಿಯನ್ನಾಗಲೀ, ಅದರ ಅರ್ಥ ಹೇಳುವ ಎರಡು ಮಾತನ್ನಾಗಲೀ ತಲುಪಿಸಲಿಲ್ಲ. ಚಿತ್ರ ತೆಗೆದುಕೊಂಡು ಹೋದವನಿಗೂ ಮಣ್ಣು ತೆಗೆದುಕೊಂಡು ಹೋದ ನನಗೂ ಇದ್ದ ವ್ಯತ್ಯಾಸವೇನು ಎಂಬ ಪ್ರಶ್ನೆ ಅಂದಿನಿಂದ ಉಳಿದುಕೊಂಡಿದೆ.

ಅದೇ ಪ್ರಶ್ನೆ ಈ ಬಾರಿ ಬಯಲುಸೀಮೆಯಲ್ಲಿ ಮತ್ತೆ ಎದುರಾಯಿತು. ನಮ್ಮ ಬಳಗದ ಒಂಬತ್ತು ಜನ ಸಂಕ್ರಾಂತಿ ಕಳೆದ ವಾರ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆಗೆ ಅಧ್ಯಯನ ಪ್ರವಾಸ ಹೋಗಿದ್ದೆವು. ಒಣಬೇಸಾಯ, ಒಡ್ಡು, ಕೃಷಿಹೊಂಡ, ಬೀಜ, ಇವು ನಮ್ಮ ವಿಷಯಗಳು. ದಾರಿಯಲ್ಲಿ ರೋಣ ಸೀಮೆಯ ಸವಡಿ ಬಂದಿತು. ಊರಿನ ಹೆಸರು ಕೇಳಿದೊಡನೆ ನಮ್ಮಲ್ಲೊಬ್ಬರಿಗೆ 2017ರ ಸುದ್ದಿ ನೆನಪಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ, ಬರದ ನಡುವೆ, ಸವಡಿಯ ಹೊಲವೊಂದರಲ್ಲಿ ವಿಫಲವಾದ ಕೊಳವೆಬಾವಿಯ ಬಳಿ ಕೆಲಸಕ್ಕಿಳಿದಿದ್ದ ಇಬ್ಬರು ಮಣ್ಣು ಕುಸಿದು ಪ್ರಾಣ ಕಳೆದುಕೊಂಡಿದ್ದರು. "ಹೇಗೂ ಬಂದಿದ್ದೇವೆ, ಆ ಜಾಗವನ್ನೊಂದು ನೋಡಿಯೇ ಹೋಗೋಣ" ಎಂಬ ಮಾತು ವಾಹನದೊಳಗೆ ಬಂತು. ಬೇಡವೆಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಚಹದ ಅಂಗಡಿಯ ಮುಂದೆ ಕುಳಿತಿದ್ದ ಹಿರಿಯರೊಬ್ಬರನ್ನು ದಾರಿ ಕೇಳಿದೆವು. ಅವರು ನಮ್ಮನ್ನು ಒಮ್ಮೆ ನೋಡಿ ಹೇಳಿದರು: "ಅಲ್ಲಿ ಏನೈತ್ರಿ ನೋಡಾಕ? ಹೊಲ ಐತಿ, ಜ್ವಾಳ ಐತಿ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಬಂದ ಮಂದಿ ಎಲ್ಲಾ ಅದನ್ನ ಕೇಳ್ತಾರ. ಮಳಿ ಹೆಂಗಾತು, ಪೀಕು ಹೆಂಗೈತಿ ಅಂತ ಯಾರೂ ಕೇಳಂಗಿಲ್ಲ. ಕುಂದರ್ರಿ, ಚಾ ಕುಡೀರಿ. ಸೀತನಿ ಕಾಲ ಐತಿ, ತಿಂದು ಹೋಗ್ರಿ." ನಾವು ಕುಳಿತೆವು. ಮಳೆ ಹೇಗಾಯಿತೆಂದು ಕೇಳಿದೆವು. ಒಂದೂವರೆ ಗಂಟೆ ಮಾತು ನಡೆಯಿತು. ಆ ಹೊಲಕ್ಕೆ ನಾವು ಹೋಗಲಿಲ್ಲ.

ಹೋಗದೆಯೂ ಆ ಸಾವುಗಳ ಬಗ್ಗೆ ಅಂದು ತಿಳಿದಷ್ಟು ನಾವು ಹಿಂದೆಂದೂ ತಿಳಿದಿರಲಿಲ್ಲ. ಏಕೆಂದರೆ ಆ ದುರಂತದ ಕಾರಣ ಆ ಗುಂಡಿಯಲ್ಲಿ ಇರಲಿಲ್ಲ. ಅದು ಆ ಸೀಮೆಯ ಮಳೆಯಲ್ಲಿ, ಮಣ್ಣಿನಲ್ಲಿ, ಸಾಲದಲ್ಲಿ ಹರಡಿಕೊಂಡಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ.

ರೋಣದ ಸುತ್ತಿನ ಎರೆ ಭೂಮಿ ಕಪ್ಪು ಜೇಡಿಯಿಂದ ಆದದ್ದು. ನೀರು ಕುಡಿದಾಗ ಈ ಜೇಡಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ನೆಲ ಬಿರಿದು ಕೈ ತೂರುವಷ್ಟು ಅಗಲದ, ಮೊಣಕಾಲು ಮುಳುಗುವಷ್ಟು ಆಳದ ಬಿರುಕುಗಳು ಬೀಳುತ್ತವೆ. ಅಂಥ ನೆಲದಲ್ಲಿ ನೇರ ಗೋಡೆಯ ಗುಂಡಿ ತೋಡಿದರೆ ಮೇಲುನೋಟಕ್ಕೆ ಕಲ್ಲಿನಂತೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಒಳಗೆ ಅದು ಹಲ್ಲೆ ಹಲ್ಲೆಯಾಗಿ ಸೀಳಿರುತ್ತದೆ. ಆಳು ಮಟ್ಟಕ್ಕಿಂತ ಆಳಕ್ಕೆ ಆಸರೆಯಿಲ್ಲದೆ ಇಳಿದರೆ ಯಾವ ಕ್ಷಣದಲ್ಲಾದರೂ ಒಂದು ಹಲ್ಲೆ ಕಳಚಿ ಬೀಳಬಹುದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಎದೆಯವರೆಗೆ ಹೂತರೂ ಸಾಕು, ಮನುಷ್ಯ ಉಸಿರೆಳೆದುಕೊಳ್ಳಲಾರ.

ಇನ್ನು ಕೊಳವೆಬಾವಿ. ಆರೂವರೆ ಇಂಚಿನ ರಂಧ್ರ ನೂರಾರು ಅಡಿ ಇಳಿದರೂ ನೀರು ಸಿಗದಿದ್ದಾಗ ರೈತನ ಕೈಯಲ್ಲಿ ಉಳಿಯುವುದು ಸಾಲ ಮತ್ತು ಮೇಲ್ಭಾಗದ ಸಡಿಲ ಮಣ್ಣನ್ನು ತಡೆಯಲು ಇಳಿಸಿದ ಕೇಸಿಂಗ್ ಪೈಪು. ಆ ಪೈಪನ್ನು ಮೇಲೆತ್ತಿದರೆ ಇನ್ನೊಂದು ಬಾವಿಗೆ ಬಳಸಬಹುದು ಅಥವಾ ಮಾರಬಹುದು. ಹೋದ ಹಣದಲ್ಲಿ ಅಷ್ಟಾದರೂ ಕೈಗೆ ಬರುತ್ತದೆ. ಆದ್ದರಿಂದ ಬಯಲುಸೀಮೆಯ ಎಷ್ಟೋ ಹೊಲಗಳಲ್ಲಿ ಪೈಪಿನ ಸುತ್ತ ಅಗೆದು ಅದನ್ನು ಕೀಳುತ್ತಾರೆ. ಕಿತ್ತ ಮೇಲೆ ಉಳಿಯುವ ಬಾಯಿ ಮಣ್ಣುದುರಿ ಅಗಲವಾಗುತ್ತ ಹೋಗುತ್ತದೆ. ಅದೇ ಬಾಯಿ ಮಕ್ಕಳನ್ನು ನುಂಗುತ್ತದೆ. 2007ರಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿ, 2014ರಲ್ಲಿ ಬಾದಾಮಿ ತಾಲ್ಲೂಕಿನ ಸೂಳಿಕೇರಿ, ಸವಡಿಯ ಘಟನೆ ನಡೆದ 2017ರ ಏಪ್ರಿಲ್‌ನಲ್ಲೇ ಅಥಣಿ ತಾಲ್ಲೂಕಿನ ಝುಂಜರವಾಡ, ಹೀಗೆ ಈ ಊರುಗಳ ಹೆಸರುಗಳು ನಮಗೆ ತಿಳಿದದ್ದೇ ಒಂದೊಂದು ಮಗುವಿನ ಸಾವಿನಿಂದ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗುವೊಂದು ಬದುಕಿ ಬಂದಿತು. ನಾಡು ನಿಟ್ಟುಸಿರು ಬಿಟ್ಟಿತು.

ಪ್ರತಿ ಸಲವೂ ಈ ಗುಂಡಿಗಳ ಸುತ್ತ ಸಾವಿರಾರು ಜನ ಸೇರುತ್ತಾರೆ. 2006ರಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಬಾಲಕನೊಬ್ಬ ಬಿದ್ದಾಗ ಟಿವಿ ವಾಹಿನಿಗಳು ಗಂಟೆಗಟ್ಟಲೆ ನೇರ ಪ್ರಸಾರ ಮಾಡಿದ ಮೇಲೆ ಇದೊಂದು ರೂಢಿಯೇ ಆಗಿಬಿಟ್ಟಿತು. ಬರುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಕೈಲಾದುದನ್ನು ಮಾಡೋಣವೆಂದೇ ಬರುತ್ತಾರೆ, ಪ್ರಾರ್ಥಿಸುತ್ತಾರೆ, ಅಳುತ್ತಾರೆ. ಆದರೆ ಮಣ್ಣಿಗೆ ಸದುದ್ದೇಶ ತಿಳಿಯದು. ಗುಂಡಿಯ ಅಂಚಿನಲ್ಲಿ ನಿಂತ ಪ್ರತಿಯೊಬ್ಬನ ಭಾರವೂ ಆ ಸೀಳಿದ ಗೋಡೆಯ ಮೇಲೆಯೇ ಬೀಳುತ್ತದೆ. ಕುಸಿದ ಗುಡ್ಡದ ನೆತ್ತಿಯಲ್ಲಿ ಬಿರುಕು ಬಿಟ್ಟ ನೆಲದ ಮೇಲೆ ನಿಲ್ಲುವವರಿಗೂ ಇದೇ ಮಾತು ಅನ್ವಯಿಸುತ್ತದೆ. ದುರಂತದ ಸ್ಥಳದಿಂದ ದೂರ ನಿಲ್ಲುವುದನ್ನು ನಾವು ಸಭ್ಯತೆಯ ಮಾತೆಂದು ತಿಳಿಯುತ್ತೇವೆ. ಮಣ್ಣು ಬಲ್ಲವನಾಗಿ ಹೇಳುವುದಾದರೆ ಒಳಗಿರುವವನ ಜೀವ ಕೆಲವೊಮ್ಮೆ ಹೊರಗಿರುವವರ ಆ ದೂರವನ್ನೇ ಅವಲಂಬಿಸಿರುತ್ತದೆ.

ಆ ಸೀಮೆಯ ಹಿರಿಯರಿಗೆ ಇದು ಗೊತ್ತಿಲ್ಲದ ಮಾತೇನಲ್ಲ. ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯುತ್ತಿದ್ದರು, ದೀಪ ಇಳಿಸಿ ಅದು ಆರದೆ ಉರಿಯುವುದೇ ಎಂದು ನೋಡುತ್ತಿದ್ದರು, ಆಮೇಲೆ ಒಬ್ಬನನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ನೆಲದೊಳಗೆ ಇಳಿಯುವುದಕ್ಕೆ ಒಂದು ಕ್ರಮವಿತ್ತು. ಅದೇ ಸೀಮೆಯ ಸೂಡಿಯಲ್ಲಿ ಹನ್ನೊಂದನೆಯ ಶತಮಾನದ, ಕಲ್ಯಾಣದ ಚಾಲುಕ್ಯರ ಕಾಲದ ನಾಗಕುಂಡವಿದೆ. ಜೋಡುಕಳಸದ ಗುಡಿಯನ್ನು ನೋಡಲು ಬಂದವರು ಅದನ್ನೂ ನೋಡಿ ಹೋಗುತ್ತಾರೆ, ನಾವೂ ನೋಡಿದೆವು. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಗುವ ಆ ಬಾವಿಯಲ್ಲಿ ನೀರು ಎಷ್ಟಿದೆಯೆಂಬುದು ಊರಿನ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಇಳಿದರೆ ಎಷ್ಟು ಮೆಟ್ಟಿಲು ಒಣಗಿದೆಯೆಂದು ಎಣಿಸಬಹುದಾಗಿತ್ತು. ಕೊಳವೆಬಾವಿಯಲ್ಲಿ ಆ ಲೆಕ್ಕವಿಲ್ಲ. ನೀರು ಎಷ್ಟಿತ್ತು, ಯಾವಾಗ ಮುಗಿಯಿತು ಎಂಬುದು ಪಂಪು ಗಾಳಿ ಎಳೆಯತೊಡಗಿದಾಗಲೇ ತಿಳಿಯುವುದು. ಒಬ್ಬೊಬ್ಬನೂ ತನ್ನ ಹೊಲದಲ್ಲಿ, ತನ್ನ ಸಾಲದಲ್ಲಿ, ತನ್ನ ಕತ್ತಲೆಯಲ್ಲಿ ಒಬ್ಬನೇ ಇಳಿಯುತ್ತಾನೆ. ಸೂಡಿಯ ಬಾವಿಗೆ ಪ್ರವಾಸಿಗರಾಗಿ ಹೋಗುವವರು ಈ ವ್ಯತ್ಯಾಸವನ್ನು ಯೋಚಿಸಿಕೊಂಡು ಬಂದರೆ ಸವಡಿಯ ಹೊಲವನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇರುವುದಿಲ್ಲ.

ಹಾಗಾದರೆ ಜನ ಸತ್ತ ಜಾಗಗಳಿಗೆ ಹೋಗಲೇಬಾರದೇ? ಹಾಗೆಂದು ನಾನು ಹೇಳಲಾರೆ. ಆ ಪ್ರವಾಸದ ಮರುದಿನವೇ ನಾವು ನರಗುಂದದ ರೈತ ಹುತಾತ್ಮರ ವೀರಗಲ್ಲಿನ ಮುಂದೆ ನಿಂತಿದ್ದೆವು, ನಿಂತದ್ದು ಸರಿಯೆಂದೇ ಅನಿಸಿತು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧ ನರಗುಂದ, ನವಲಗುಂದಗಳಲ್ಲಿ ಬೀದಿಗಿಳಿದರು. ಕಾಲುವೆ ತಮ್ಮ ಹೊಲವನ್ನು ಮುಟ್ಟದಿದ್ದರೂ, ಮುಟ್ಟಿದ ಕಡೆ ಎರೆ ಭೂಮಿ ಜವುಳಾಗಿದ್ದರೂ, ಕರ ಮಾತ್ರ ಬರುತ್ತಿದೆಯೆಂಬುದು ಅವರ ದೂರಾಗಿತ್ತು. ಗೋಲಿಬಾರಿನಲ್ಲಿ ರೈತರು ಸತ್ತರು. ಕೆರಳಿದ ಗುಂಪಿನ ಕೈಯಲ್ಲಿ ಪೊಲೀಸ್ ಸಿಬ್ಬಂದಿಯೂ ಸತ್ತರು. ಕರ್ನಾಟಕದ ರೈತ ಚಳವಳಿ ಆ ಕಿಚ್ಚಿನಿಂದ ಬೆಳೆಯಿತು. ಪ್ರತಿ ವರ್ಷ ಜುಲೈ 21ರಂದು ರೈತರು ಅಲ್ಲಿ ಸೇರುತ್ತಾರೆ, ಮಾಲೆ ಹಾಕುತ್ತಾರೆ, ಭಾಷಣ ಮಾಡುತ್ತಾರೆ, ಹೊಸ ಬೇಡಿಕೆಗಳನ್ನು ಮುಂದಿಡುತ್ತಾರೆ.

ನರಗುಂದಕ್ಕೂ ಸವಡಿಗೂ ಇರುವ ವ್ಯತ್ಯಾಸ ಇಲ್ಲಿದೆ. ನರಗುಂದದ ಸಾವನ್ನು ಕಳೆದುಕೊಂಡವರೇ ಊರ ನಡುವೆ ಕಲ್ಲು ನಿಲ್ಲಿಸಿ ನಾಡಿಗೆ ಒಪ್ಪಿಸಿದ್ದಾರೆ. ಬಂದು ನೋಡಿರಿ, ನೆನೆಯಿರಿ, ಮರೆಯದಿರಿ ಎಂದು ಆ ಕಲ್ಲು ಕರೆಯುತ್ತದೆ. ವೀರಗಲ್ಲು ನಿಲ್ಲಿಸುವುದು ನಮ್ಮ ನಾಡಿನ ಹಳೆಯ ಪದ್ಧತಿ. ತುರುಗಾಳಗದಲ್ಲಿ ಮಡಿದವನಿಗೂ ಊರು ಹೀಗೆಯೇ ಕಲ್ಲು ನಿಲ್ಲಿಸುತ್ತಿತ್ತು. ದಾರಿಹೋಕನು ಅದನ್ನು ಕಂಡು ಒಂದು ಕ್ಷಣ ನಿಲ್ಲಲಿ ಎಂಬುದೇ ಅದರ ಉದ್ದೇಶ. ಸವಡಿಯ ಹೊಲದ ದುಃಖವನ್ನು ಹೀಗೆ ಯಾರೂ ನಾಡಿಗೆ ಒಪ್ಪಿಸಿಲ್ಲ. ಆ ದುಃಖ ಎರಡು ಮನೆಗಳದು. ಆ ಹೊಲದಲ್ಲಿ ಜೋಳ ಬೆಳೆಯುವುದೇ ಅವರು ಬದುಕಿಗೆ ಮರಳಿದ ಬಗೆ ಎಂದು ಹಿರಿಯರ ಮಾತು ಸೂಚಿಸಿತು. ಅಲ್ಲಿಗೆ ಕರೆಯದೆ ಹೋಗುವವನು ಎಷ್ಟೇ ಮೌನವಾಗಿ ಕೈಮುಗಿದು ನಿಂತರೂ ಅತಿಕ್ರಮಣ ಮಾಡಿದವನೇ ಆಗುತ್ತಾನೆ. ಆದ್ದರಿಂದ ಗೌರವದ ಪ್ರಶ್ನೆಯು ಅಲ್ಲಿ ಹೋಗಿ ಹೇಗೆ ನಡೆದುಕೊಳ್ಳಬೇಕೆಂಬಲ್ಲಿ ಆರಂಭವಾಗುವುದಿಲ್ಲ. ಯಾರು ಕರೆದರು ಎಂಬಲ್ಲಿ ಆರಂಭವಾಗುತ್ತದೆ.

ಕರೆ ಇದ್ದ ಕಡೆಗೆ ಹೋದಾಗಲೂ ಪೂರ್ತಿ ಕತೆಯನ್ನು ಕೇಳಬೇಕು. ನರಗುಂದದಲ್ಲಿ ಅಂದು ಸತ್ತ ಪೊಲೀಸರ ಮನೆಗಳಲ್ಲಿಯೂ ಅಡುಗೆ ಒಲೆ ಉರಿಯದ ದಿನಗಳು ಇದ್ದುವು. ಅವರ ಹೆಸರು ಹೇಳುವ ಮೆರವಣಿಗೆ ಇಲ್ಲ. ರೈತರ ಪರವಾಗಿ ನಿಲ್ಲುವವನು ಇದನ್ನು ನೆನೆದರೆ ರೈತರಿಗೇನೂ ಕಡಿಮೆಯಾಗುವುದಿಲ್ಲ.

ಇಲ್ಲಿಗೆ ಈ ಮಾತು ಮುಗಿದಿದ್ದರೆ ಸುಲಭವಾಗಿತ್ತು. ಆದರೆ ವೀರಗಲ್ಲಿನ ಮುಂದೆ ನಿಂತಾಗ ನಮ್ಮ ತಂಡದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ ಎಲ್ಲರ ಮನಸ್ಸಿನಲ್ಲಿಯೂ ಇತ್ತು. ಅದನ್ನು ಇಲ್ಲಿ ಬರೆಯದೆ ಬಿಡುವುದು ಓದುಗರಿಗೆ ವಂಚನೆಯಾದೀತು.

ನರಗುಂದ, ರೋಣಗಳ ಕಾಲುವೆಗೆ ಬರುವ ನೀರು ನಮ್ಮ ಸಹ್ಯಾದ್ರಿಯದು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅದಕ್ಕೆ ಕಟ್ಟೆ ಕಟ್ಟಿ ಅರ್ಧ ಶತಮಾನ ಕಳೆದಿದೆ. ಕಾಲುವೆಯ ತುದಿಯ ಹೊಲಗಳಿಗೆ ನೀರು ತಲುಪುವುದಿಲ್ಲವೆಂಬ ದೂರು ಆ ಕಾಲುವೆಯಷ್ಟೇ ಹಳೆಯದು. ಮಹದಾಯಿಯ ನೀರನ್ನು ಕಳಸಾ–ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಿಸಬೇಕೆಂದು ಇದೇ ನರಗುಂದದಲ್ಲಿ 2015ರ ಜುಲೈನಿಂದ ರೈತರು ನಿರಂತರ ಧರಣಿ ಕುಳಿತರು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ತೀರ್ಪು ನೀಡಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ನೀರನ್ನು ಹಂಚಿತು. ಅದರಲ್ಲಿ ಈ ಎರಡು ನಾಲೆಗಳ ಪಾಲು 3.9 ಟಿಎಂಸಿ. ಆದರೂ ವಿವಾದ ಮುಗಿದಿಲ್ಲ. ಘಟ್ಟದ ಹೊಳೆಯನ್ನು ತಿರುಗಿಸುವ ಯಾವ ಯೋಜನೆಯೇ ಬಂದರೂ ಅದನ್ನು ಪ್ರಶ್ನಿಸುತ್ತ ಬಂದವರು ನಾವು. ಕಣಿವೆಯ ಕಾಡು ಹೋದರೆ ಹೊಳೆಯೇ ಬತ್ತುತ್ತದೆ, ಬತ್ತಿದ ಹೊಳೆಯನ್ನು ಎತ್ತ ತಿರುಗಿಸಿದರೂ ಯಾರಿಗೂ ನೀರಿಲ್ಲ ಎಂಬ ನಮ್ಮ ವಾದ ಸರಿಯೆಂದೇ ಇಂದಿಗೂ ನನ್ನ ನಂಬಿಕೆ.

ಆದರೆ ಹಾಗೆ ವಾದಿಸುವಾಗ ನಾವು "ಬಯಲಿನ ದುರಾಸೆ", "ಕಬ್ಬಿನ ದಾಹ" ಎಂದು ಎಷ್ಟು ಸಲ ಬರೆದಿಲ್ಲ! ಬತ್ತಿದ ಬಾವಿಯಿಂದ ಪೈಪು ಕಿತ್ತು ಕೆಲವು ಸಾವಿರ ರೂಪಾಯಿ ಉಳಿಸಿಕೊಳ್ಳಲು ಮಣ್ಣಿನೊಳಗೆ ಇಳಿಯುವವನು ಆ ದುರಾಸೆಯ ಚಿತ್ರದಲ್ಲಿ ಎಲ್ಲಿದ್ದಾನೆ? ಅವನ ಪರವಾಗಿ ನಾವು ಒಂದು ಸಾಲನ್ನೂ ಬರೆದಿರಲಿಲ್ಲ. ಅವನು ಸತ್ತ ಜಾಗವನ್ನು ನೋಡಲು ಮಾತ್ರ ವಾಹನ ತಿರುಗಿಸಹೊರಟಿದ್ದೆವು. ನಮ್ಮ ಕಣಿವೆಯ ಗುಡ್ಡ ಕುಸಿದಾಗ ಬಂದು ಚಿತ್ರ ತೆಗೆದವರ ಮೇಲೆ ನಮಗೆ ಬಂದ ಸಿಟ್ಟು ಏನೆಂದು ಅಂದು ನನಗೆ ಸರಿಯಾಗಿ ಅರ್ಥವಾಯಿತು. ಅವರು ಬಂದದ್ದಕ್ಕೆ ಬಂದ ಸಿಟ್ಟು ಅದಲ್ಲ. ನಮ್ಮ ಬದುಕಿದ್ದ ಕಾಲದಲ್ಲಿ ನಮ್ಮ ಕಡೆ ತಿರುಗಿ ನೋಡದವರು ನಮ್ಮ ಸಾವನ್ನು ನೋಡಲು ಬಂದರಲ್ಲ ಎಂಬ ಸಿಟ್ಟು.

ಆದ್ದರಿಂದ ನಮ್ಮ ಬಳಗದ ಮುಂದಿನ ಅಧ್ಯಯನ ಪ್ರವಾಸಗಳಿಗಾಗಿ ಕೆಲವು ನಿಯಮಗಳನ್ನು ಪ್ರಸ್ತಾಪಿಸುತ್ತಿದ್ದೇನೆ. ಓದುಗರು ಇವನ್ನು ತಿದ್ದಬಹುದು, ಹೆಚ್ಚಿಸಬಹುದು.

1. ದುರಂತ ನಡೆದ ಸ್ಥಳಕ್ಕೆ ಹೋಗುವ ಮುನ್ನ ಆ ಊರಿನವರನ್ನು ಕೇಳಬೇಕು. ಬೇಡವೆಂದರೆ, ಅಥವಾ ಬೇಡವೆಂಬುದನ್ನು ಮರ್ಯಾದೆಯಿಂದ ಬೇರೆ ಮಾತಿನಲ್ಲಿ ಹೇಳಿದರೆ, ಅಲ್ಲಿಗೇ ಬಿಡಬೇಕು. ಶೋಧಕಾರ್ಯ ನಡೆಯುತ್ತಿರುವ ಕಡೆ, ಕರೆಸಿಕೊಂಡ ಕೆಲಸಗಾರರಲ್ಲದಿದ್ದರೆ, ಹೋಗಲೇಬಾರದು.

2. ಸತ್ತವರ ಮನೆಯವರಿಂದ ಘಟನೆಯನ್ನು ಹೇಳಿಸಬಾರದು. ಅವರು ತಾವಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಬೇಕು. ಕ್ಯಾಮರಾ, ಧ್ವನಿಮುದ್ರಣ ಯಂತ್ರಗಳನ್ನು ವಾಹನದಲ್ಲಿಯೇ ಬಿಟ್ಟಿರಬೇಕು.

3. ಮೊದಲು ಕೇಳಬೇಕಾದದ್ದು ಮಳೆ, ಬೆಳೆ, ನೀರು, ಮಕ್ಕಳ ಶಾಲೆ. ಬದುಕಿರುವವರ ಕುಶಲ ಕೇಳದವನಿಗೆ ಸತ್ತವರ ವಿಷಯ ಕೇಳುವ ಅಧಿಕಾರವಿಲ್ಲ.

4. ಮಣ್ಣಾಗಲೀ, ಮಾಹಿತಿಯಾಗಲೀ ಪಡೆದು ಬಂದರೆ ಅದರ ಫಲವನ್ನು ಆ ಊರಿಗೆ, ಅವರಿಗೆ ತಿಳಿಯುವ ಮಾತಿನಲ್ಲಿ ಹಿಂದಿರುಗಿಸಬೇಕು. ಇದನ್ನು ನಾನು ಮೊದಲು ನನಗೇ ವಿಧಿಸಿಕೊಳ್ಳುತ್ತಿದ್ದೇನೆ.

5. ಪ್ರವಾಸ ಮುಗಿದ ಮೇಲೆ ನಮ್ಮ ಊರಿನಲ್ಲಿ ಅದೇ ಕಾರಣದಿಂದ ಆಗಬಹುದಾದ ಸಾವೊಂದನ್ನು ತಪ್ಪಿಸುವ ಕೆಲಸವನ್ನು ಕೈಗೊಳ್ಳಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಉಳಿದ ನಾಲ್ಕು ಕೇವಲ ನಡವಳಿಕೆಯ ಮಾತುಗಳು. ನೋಡಲು ಹೋದವನು ಅಲ್ಲಿಂದ ಒಂದು ಋಣವನ್ನು ಹೊತ್ತು ಬರುತ್ತಾನೆ. ಅದನ್ನು ತೀರಿಸಬೇಕಾದದ್ದು ತನ್ನ ಮನೆಯಂಗಳದಲ್ಲಿ.

ನಮ್ಮ ಅಂಗಳದ ಸ್ಥಿತಿ ಹೇಗಿದೆ? ಹಿಂದೆ ಅಬ್ಬಿಯ ನೀರಿನಿಂದ, ತೋಡಿದ ಬಾವಿಯಿಂದ ತೋಟ ನಡೆಸುತ್ತಿದ್ದ ಮಲೆನಾಡಿನಲ್ಲಿ ಈಗ ಕೊಳವೆಬಾವಿ ಯಂತ್ರಗಳ ಸದ್ದು ಕೇಳದ ಬೇಸಿಗೆಯಿಲ್ಲ. ನೀರು ಸಿಗದ ರಂಧ್ರಗಳ ಬಾಯಿಗೆ ಒಂದು ಗೋಣಿಚೀಲ ತುರುಕಿ, ಮೇಲೊಂದು ಕಲ್ಲಿಟ್ಟು ಮರೆತುಬಿಡುವುದನ್ನು ನಾನು ನಮ್ಮ ಬಳಗದವರ ತೋಟಗಳಲ್ಲಿಯೇ ಕಂಡಿದ್ದೇನೆ. ಗೋಣಿ ಎರಡು ಮಳೆಗಾಲಕ್ಕೆ ಕೊಳೆಯುತ್ತದೆ. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಈ ಬಗ್ಗೆ ಸ್ಪಷ್ಟ ಸೂಚನೆಗಳನ್ನು ನೀಡಿದೆ. ಕೊರೆಯುವ 15 ದಿನ ಮುಂಚೆ ಸ್ಥಳೀಯ ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವಾಗ ಸುತ್ತ ಮುಳ್ಳುತಂತಿಯ ಬೇಲಿಯಿರಬೇಕು. ಕೇಸಿಂಗ್ ಸುತ್ತ ಅರ್ಧ ಮೀಟರ್ ಅಗಲದ ಕಾಂಕ್ರೀಟ್ ಕಟ್ಟೆ ಹಾಕಿ ಬಾಯಿಗೆ ಉಕ್ಕಿನ ತಗಡನ್ನು ಬಿಗಿಯಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಜಲ್ಲಿಗಳಿಂದ ತುಂಬಬೇಕು. ಇವುಗಳಲ್ಲಿ ಯಾವುದೂ ಕಷ್ಟದ ಕೆಲಸವಲ್ಲ. ಒಂದಿಷ್ಟು ಶ್ರಮ, ಬಾವಿ ತುಂಬುವಷ್ಟು ಜೇಡಿ, ಮರಳು, ಜಲ್ಲಿ, ಸ್ವಲ್ಪ ಸಿಮೆಂಟು.

ಅದರೊಂದಿಗೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಕೇಸಿಂಗ್ ಪೈಪನ್ನು ಕೀಳಲು ಯಾರನ್ನೂ ಗುಂಡಿಗೆ ಇಳಿಸಬೇಡಿರಿ. ತೋಟಕ್ಕೆ ದಾರಿ ಮಾಡಲು, ಮನೆಗೆ ಜಾಗ ಮಾಡಲು ಧರೆಯನ್ನು ನೇರವಾಗಿ ಕಡಿದು ಅದರ ಬುಡದಲ್ಲಿ ಕೂಲಿಯವರನ್ನು ನಿಲ್ಲಿಸಬೇಡಿರಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುತ್ತದೆ. ಮಳೆ ಕುಡಿದ ಮೇಲೆ ಅದರ ಮಾತನ್ನು ನಂಬಲಾಗದು. ಪ್ರತಿ ಮಳೆಗಾಲದಲ್ಲಿ ಧರೆ ಕುಸಿದು ಸಾಯುವವರಲ್ಲಿ ಕೆಲಸಕ್ಕೆಂದು ಬಯಲಿನ ಜಿಲ್ಲೆಗಳಿಂದ ಬಂದವರೂ ಇರುತ್ತಾರೆ. ಗದಗ, ಕೊಪ್ಪಳ, ಹಾವೇರಿಗಳಿಂದ ನಮ್ಮ ಘಟ್ಟಕ್ಕೆ ಕೂಲಿಗೆ ಬರುವವರು ಏಕೆ ಬರುತ್ತಾರೆಂದು ಸವಡಿಯ ಚಹದಂಗಡಿಯ ಮುಂದೆ ಕುಳಿತ ಒಂದೂವರೆ ಗಂಟೆ ನಮಗೆ ಚೆನ್ನಾಗಿ ತಿಳಿಸಿದೆ.

ಈ ಮಳೆಗಾಲ ಬಿರುಸಾಗುವ ಮುನ್ನ ನಮ್ಮ ಬಳಗದ ಪ್ರತಿಯೊಂದು ಊರಿನ ಘಟಕವೂ ತನ್ನ ಸುತ್ತಲಿನ ಕೈಬಿಟ್ಟ ಕೊಳವೆಬಾವಿಗಳನ್ನು ಪಟ್ಟಿ ಮಾಡಿ ಮುಚ್ಚಬೇಕೆಂದು ಕೋರುತ್ತೇನೆ. ಮುಚ್ಚಿದವುಗಳ ಲೆಕ್ಕವನ್ನು ಪತ್ರಿಕೆಗೆ ಕಳುಹಿಸಿರಿ, ಚಿತ್ರಗಳು ಬೇಡ. ಜುಲೈ 21ರಂದು ನರಗುಂದದಲ್ಲಿ ರೈತರು ಸೇರುವಾಗ ನಮ್ಮಲ್ಲಿ ಇಬ್ಬರು ಮೂವರಾದರೂ ಅಲ್ಲಿರಬೇಕೆಂಬುದು ನನ್ನ ಇಚ್ಛೆ. ಭಾಷಣಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ. ನೀರಿನ ಬಗ್ಗೆ ಅವರು ಹೇಳುವುದು ನಮಗೆ ಹಿತವಾಗಿರಲಾರದು. ನಾವು ಕಾಡಿನ ಬಗ್ಗೆ ಹೇಳುವುದೂ ಅವರಿಗೆ ಹಿತವಾಗಲಾರದು. ಹೊಳೆಯ ಎರಡು ತುದಿಗಳಲ್ಲಿ ಇರುವವರು ಸಾವಿನ ದಿನವಾದರೂ ಒಂದೆಡೆ ಕೂಡಿದರೆ ಉಳಿದ ದಿನಗಳ ಮಾತಿಗೆ ದಾರಿಯಾದೀತು.

ಮುಂದಿನ ಸಂಕ್ರಾಂತಿಗೆ ಸವಡಿಗೆ ಮತ್ತೆ ಹೋಗುತ್ತೇವೆ. ಆ ಹಿರಿಯರಿಗೆ ಕೊಡಲು ನಮ್ಮ ಕಡೆಯ ಕಾಳುಮೆಣಸು, ಜೋನಿಬೆಲ್ಲಗಳನ್ನು ಒಯ್ಯಬೇಕೆಂದು ಗೆಳೆಯರು ಈಗಲೇ ನಿರ್ಧರಿಸಿದ್ದಾರೆ. ಜೊತೆಗೆ ಮುಚ್ಚಿದ ಬಾವಿಗಳ ಲೆಕ್ಕವನ್ನೂ ಒಯ್ಯೋಣ. ಅಲ್ಲಿ ಹೋಗಿ ಮೊದಲು ಕೇಳುವ ಪ್ರಶ್ನೆ ಯಾವುದೆಂಬುದು ಈಗ ನಮಗೆ ಗೊತ್ತಿದೆ: ಈ ಸಲ ಮಳೆ ಹೇಗಾಯಿತು?